ಮಗಳ ಬಾಕಿ ಉಳಿಸಿಕೊಂಡವನು ದಾಸೋಹಿಯೇ?

ಕಳೆದ ಶ್ರಾವಣದಲ್ಲಿ, ಪ್ರವಚನ ಮಂಗಲದ ದಿನ, ನಮ್ಮೂರ ಮಠದಲ್ಲಿ ಒಬ್ಬ ವ್ಯಾಪಾರಸ್ಥರಿಗೆ ಶಾಲು ಹೊದಿಸಿ ‘ಮಹಾದಾಸೋಹಿ’ ಎಂದು ಕರೆದೆವು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಕೆಳಗೆ ಹೆಣ್ಣುಮಕ್ಕಳ ಸಾಲಿನಲ್ಲಿ ಅವರಿಂದ ಬೇರೆಯಾದ ಪತ್ನಿ ಮಗಳೊಂದಿಗೆ ತಲೆ ತಗ್ಗಿಸಿ ಕುಳಿತಿದ್ದಳು.

ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 5,000 ರೂಪಾಯಿ ಜೀವನಾಂಶ ಗೊತ್ತುಮಾಡಿದಾಗ ಆ ಮಗು ಅಂಗನವಾಡಿಯಲ್ಲಿತ್ತು. ತಂದೆ ಇನ್ನೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಇಂದು ಮಗಳು ಹೈಸ್ಕೂಲು, ಅಂಗಡಿ ಅವರದೇ. ಮೊತ್ತ ಮಾತ್ರ ಅಷ್ಟೇ. ಅದೂ 14 ತಿಂಗಳಿಂದ ಬಂದಿಲ್ಲ.

‘ಕಾಕಾ, ಕೋರ್ಟಿಗೆ ಹೋಗ್ಲೇನ್ರಿ?’ ಎಂದು ಆಕೆ ಮೊದಲೇ ಕೇಳಿದ್ದಳು. ‘ತಡಿಯವ್ವಾ, ಮನಿತನದ ಮರ್ಯಾದಿ ಐತಿ, ಕುಂತು ಬಗಿಹರಸೂಣು’ ಎಂದವನು ನಾನೇ. ಮೂರು ಸಲ ಕುಂತೆವು. ರೊಕ್ಕ ಬರಲಿಲ್ಲ.

ನನ್ನ ಆ ಮಾತಿನ ಬೆಲೆ ವಕೀಲರನ್ನು ಕೇಳಿದಾಗ ತಿಳಿಯಿತು. ಬಾಕಿ ವಸೂಲಿಗೆ ವಾರಂಟ್ ಬೇಡುವ ಅರ್ಜಿಯನ್ನು, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ನಮ್ಮ ಪಂಚಾಯಿತಿಕೆ ನಡೆದಿರುವಾಗಲೇ ಮೊದಲ ತಿಂಗಳುಗಳ ಹಣಕ್ಕೆ ಆ ದಾರಿ ಮುಚ್ಚಿತು. ಆಕೆಯ ಮರ್ಯಾದೆ ಉಳಿಯಲಿಲ್ಲ, ಬಾಕಿದಾರನಿಗೆ ಲಾಭವಾಯಿತು.

ಶರಣ ಬಂಧುಗಳೇ, ಕೋರ್ಟಿನ ಆದೇಶ ಶಿಲಾಶಾಸನವಲ್ಲ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಲು ಕಾನೂನಿನಲ್ಲೇ ದಾರಿಯಿದೆ: ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 127ನೆಯ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ಕಲಂ. ಮಗಳ ಖರ್ಚು ಏರಿದರೆ ತಾಯಿ ಹೆಚ್ಚಿಗೆ ಕೇಳಬಹುದು. ಕೆಲಸ ಹೋದ, ಕಾಯಿಲೆಬಿದ್ದ ಗಂಡನೂ ಕಡಿಮೆ ಮಾಡಿರೆಂದು ಕೇಳಬಹುದು. ‘ನನ್ನ ಕಷ್ಟ ಯಾರು ಕೇಳುತ್ತಾರೆ’ ಎನ್ನುವವರಿಗೆ ಇದೇ ಉತ್ತರ. ಆದರೆ ಕೋರ್ಟು ಬದಲಿಸುವವರೆಗೆ ಹಳೆಯ ಆದೇಶ ನಿಲ್ಲುತ್ತದೆ. ತಾನೇ ನ್ಯಾಯಾಧೀಶನಾಗಿ ಹಣ ನಿಲ್ಲಿಸುವುದು ಮಕ್ಕಳ ಅನ್ನ ಕದಿಯುವುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ.

ಕಾಯಕದಿಂದ ಬಂದದ್ದರಲ್ಲಿ ಸಮಾಜದ ಪಾಲು ಸಲ್ಲಿಸುವುದು ದಾಸೋಹ. ಹೆತ್ತ ಮಗಳ ಪಾಲನ್ನು ತಂದು ಮಠದ ಹುಂಡಿಗೆ ಹಾಕುವುದು ಯಾವ ದಾಸೋಹ? ಹೆಣ್ಣಿಗೆ ಸಮಾನತೆ ಕೊಟ್ಟ ಧರ್ಮ ನಮ್ಮದೆಂದು ವೇದಿಕೆಯಲ್ಲಿ ಹೇಳಿ, ಅಂಗಳದಲ್ಲಿ ಆಕೆಗೆ ‘ತಾಳಿಕೋ’ ಎನ್ನುವ ನಾಲಿಗೆ ಯಾರದು?

ಪೂಜ್ಯರಲ್ಲಿ ನನ್ನ ಬಿನ್ನಹ ಎರಡೇ. ಹೆಂಡತಿ ಮಕ್ಕಳ ಬಾಕಿ ತೀರಿಸದವರ ಕಾಣಿಕೆ ಮುಟ್ಟಬೇಡಿ, ಶಾಲು ಹೊದಿಸಬೇಡಿ. ಕಣ್ಣೀರು ಹಾಕುತ್ತ ಬಂದ ತಾಯಿಗೆ ಪ್ರಸಾದದ ಜೊತೆಗೆ ವಕೀಲರ ವಿಳಾಸವನ್ನೂ ಕೊಡಿ.

ನಾನು ಆ ತಾಯಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಮರುದಿನ ಆಕೆಯ ಜೊತೆ ಕೋರ್ಟಿನ ಮೆಟ್ಟಿಲು ಹತ್ತಿದೆ. ಮರ್ಯಾದೆ ಹೋಗಲಿಲ್ಲ.