ಹಗ್ಗ ಹಿಡಿದವರ ಹೊಣೆ, ದಂಡೆ ಕಟ್ಟಿದವರ ಹೊಣೆ

ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘದ ಅಧ್ಯಕ್ಷರಿಗೆ,



ಕಳೆದ ಸಭೆಯಲ್ಲಿ ಕೊಳದ ಮೊಸಳೆಯ ವಿಷಯ ಬಂದಾಗ ನೀವು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ. "ನಾಯಿ ಸಾಕಿದವರು ನಾಯಿ ನೋಡಿಕೊಳ್ಳಬೇಕು, ಸಂಘಕ್ಕೇನು ಕೆಲಸ ಅದರಲ್ಲಿ?" ಅಂದಿರಿ. ಹೊತ್ತು ಮೀರಿತ್ತು, ಮುಂದೆ ಬೇಲಿಗೆ ಯಾವ ಬಣ್ಣ ಹೊಡೆಸಬೇಕೆಂಬ ಚರ್ಚೆ ಕಾದು ಕೂತಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ. ಕನ್ನಡದಲ್ಲಿ ಬರೆಯಲು ಕಾರಣವಿದೆ. ನೀವೂ ಕನ್ನಡಿಗರು. ಫ್ಲಾರಿಡಾದ ಟ್ಯಾಂಪಾ ಸುತ್ತಮುತ್ತ ಇಂಥದೇ ಕೊಳ, ಇಂಥದೇ ಕಾಲುದಾರಿ ಇರುವ ಬಡಾವಣೆಗಳಲ್ಲಿ ಮನೆ ಕೊಂಡಿರುವ ಕನ್ನಡದ ಸಂಸಾರಗಳಿವೆ. ಅದಕ್ಕಿಂತ ಹೆಚ್ಚಾಗಿ, ನಮ್ಮಂಥ ಮನೆಗಳಲ್ಲಿ ಸಂಜೆ ನಾಯಿಯನ್ನು ಸುತ್ತಾಡಿಸುವವರು ಊರಿಂದ ಕೆಲ ತಿಂಗಳ ಮಟ್ಟಿಗೆ ಬಂದ ಅಪ್ಪ, ಅಮ್ಮ, ಅತ್ತೆ, ಮಾವ. ಅವರಿಗೂ ಇದು ಮುಟ್ಟಬೇಕು.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ನಾಯಿಯನ್ನು ಬಿಟ್ಟುಬಿಟ್ಟು ಓಡಾಡಿಸಬಾರದು. ಗುಂಡಿ ಒತ್ತಿದರೆ ಮಾರುದ್ದ ಬಿಚ್ಚಿಕೊಳ್ಳುವ ಹಗ್ಗ ಕೊಳದ ಹತ್ತಿರ ಬೇಡವೇ ಬೇಡ. ಈಜಲಿಕ್ಕಾಗಲಿ, ನೀರು ಕುಡಿಯಲಿಕ್ಕಾಗಲಿ ನಾಯಿಯನ್ನು ದಂಡೆಗೆ ಇಳಿಸಬಾರದು. ಮೊಸಳೆ ಚುರುಕಾಗುವುದು ಮುಸ್ಸಂಜೆಯಿಂದ ನಸುಕಿನವರೆಗೆ, ಆ ಹೊತ್ತಿನಲ್ಲಿ ನೀರಿನ ಕಡೆ ಸುತ್ತಾಟ ಇಟ್ಟುಕೊಳ್ಳಬಾರದು. ಬೆಕ್ಕು ಮನೆಯೊಳಗೇ ಇರಲಿ. ಇದಿಷ್ಟೂ ಸಾಕಿದವರ ಹೊಣೆ. ಆದರೆ ಎಲ್ಲವನ್ನೂ ಪಾಲಿಸುವವರಿಗೂ ಒಂದು ಸಂಜೆ ಕೈತಪ್ಪುತ್ತದೆ. ಆ ಸಂಜೆ ಏನಾಗುತ್ತದೆ ಎಂಬುದು ದಾಖಲೆಯಲ್ಲಿದೆ.

2018ರ ಜೂನ್‌ನಲ್ಲಿ, ದಕ್ಷಿಣ ಫ್ಲಾರಿಡಾದ ಡೇವಿ ಊರಿನ ಉದ್ಯಾನದಲ್ಲಿ ಎರಡು ನಾಯಿಗಳನ್ನು ಸುತ್ತಾಡಿಸುತ್ತಿದ್ದ ಮಹಿಳೆಯನ್ನು ಮೊಸಳೆ ಎಳೆದೊಯ್ದಿತು. ಅದೇ ವರ್ಷ ಆಗಸ್ಟ್‌ನಲ್ಲಿ ದಕ್ಷಿಣ ಕ್ಯಾರೊಲೈನಾದ ಹಿಲ್ಟನ್ ಹೆಡ್ ದ್ವೀಪದ ಒಂದು ವಸತಿ ಬಡಾವಣೆಯಲ್ಲಿ, ನಾಯಿಯ ಮೇಲೆ ಬಂದ ಮೊಸಳೆಯಿಂದ ಅದನ್ನು ಬಿಡಿಸಲು ಹೋದ ನಲವತ್ತೈದರ ಹೆಂಗಸು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನ ಹಿರಿಯರ ಬಡಾವಣೆಯೊಂದರಲ್ಲಿ ನಾಯಿಯ ಜೊತೆ ಹೊರಟಿದ್ದ ಎಂಬತ್ತೈದರ ಅಜ್ಜಿ. ಅದೇ ವರ್ಷದ ಜುಲೈ 4ರಂದು ಮತ್ತೆ ಹಿಲ್ಟನ್ ಹೆಡ್‌ನಲ್ಲಿ ಅರವತ್ತೊಂಬತ್ತರ ಇನ್ನೊಬ್ಬರು. ನಾಲ್ಕೂ ಕಡೆ ನಾಯಿ ಉಳಿಯಿತು, ಮನುಷ್ಯರು ಉಳಿಯಲಿಲ್ಲ.

ಅಧ್ಯಕ್ಷರೇ, ನನ್ನ ಇಡೀ ವಾದ ಇರುವುದು ಇಲ್ಲಿ. ನಾಯಿ ಮೊಸಳೆಯ ಬಾಯಿಗೆ ಸಿಕ್ಕ ಗಳಿಗೆಯಲ್ಲಿ ಸಾಕಿದವರು ಯಾವ ಸೂಚನಾಪತ್ರವನ್ನೂ ನೆನೆಸಿಕೊಳ್ಳುವುದಿಲ್ಲ, ನೀರಿಗೆ ನುಗ್ಗುತ್ತಾರೆ. 2020ರಲ್ಲಿ ಫ್ಲಾರಿಡಾದ ಎಸ್ಟೆರೊದಲ್ಲಿ ವಯಸ್ಸಾದವರೊಬ್ಬರು ಹಿತ್ತಲ ಕೊಳಕ್ಕೆ ಇಳಿದು, ಬಾಯಲ್ಲಿದ್ದ ಸಿಗಾರ್ ಬೀಳಿಸದೆ ಮೊಸಳೆಯ ದವಡೆ ಬಿಡಿಸಿ ನಾಯಿಮರಿಯನ್ನು ಉಳಿಸಿಕೊಂಡ ವಿಡಿಯೊ ನೀವೂ ನೋಡಿರುತ್ತೀರಿ. ಜಗತ್ತೇ ಶಹಬ್ಬಾಸ್ ಅಂದಿತು. ಆ ಮೊಸಳೆ ಚಿಕ್ಕದಿತ್ತು ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ. ಗಜೇಂದ್ರನಿಗಾದರೆ ಚಕ್ರ ಹಿಡಿದು ಧಾವಿಸಿ ಬರುವವನೊಬ್ಬನಿದ್ದ. ಊರಿಂದ ಬಂದ ನಮ್ಮ ಮಾವನವರಿಗೆ ಕೊಳದ ಪಕ್ಕ ಯಾರಿದ್ದಾರೆ? ಆ ಗಳಿಗೆ ಬಂದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ. ಅದು ಬಾರದಂತೆ ಮಾಡುವ ಕೆಲಸ ನಾಯಿ ಹಿಡಿದವರ ಕೈಯಲ್ಲಿ ಅರ್ಧ ಇದ್ದರೆ, ದಾರಿ ಎಲ್ಲಿರಬೇಕು, ದಂಡೆ ಹೇಗಿರಬೇಕು ಎಂದು ತೀರ್ಮಾನಿಸುವವರ ಕೈಯಲ್ಲಿ ಇನ್ನರ್ಧ ಇದೆ.

ದಂಡೆ ಅಷ್ಟು ಮುಖ್ಯ ಏಕೆ ಎನ್ನುವಿರಾದರೆ, ಮೊಸಳೆಯ ಬೇಟೆ ನಡೆಯುವುದೇ ಅಲ್ಲಿ. ನೆಲದ ಮೇಲೆ ಬಹುದೂರ ಅಟ್ಟಿಸಿಕೊಂಡು ಬರುವ ಪ್ರಾಣಿ ಅದಲ್ಲ. ನೀರಲ್ಲಿ ಅಡಗಿ, ಅಂಚಿಗೆ ಬಂದದ್ದನ್ನು ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಅದರ ದವಡೆಯ ಮೇಲೆ ಕಪ್ಪು ಚುಕ್ಕೆಗಳಂತೆ ಕಾಣುವ ಸಣ್ಣ ಗುಬುಟುಗಳು ಕತ್ತಲಲ್ಲೂ ನೀರಿನ ಮೇಲ್ಮೈಯ ಅಲುಗಾಟವನ್ನು ಗುರುತಿಸುತ್ತವೆ. ನಾಯಿ ನಾಲಿಗೆ ಚಾಚಿ ನೀರು ನೆಕ್ಕಿದರೆ ಸಾಕು, ಅಲ್ಲೇನೋ ಇದೆ ಎಂದು ಅದಕ್ಕೆ ತಿಳಿಯುತ್ತದೆ. ಅದು ಮಾಮೂಲಾಗಿ ಹಿಡಿಯುವ ಪ್ರಾಣಿಗಳ ಗಾತ್ರವೂ ನಮ್ಮ ನಾಯಿಗಳ ಗಾತ್ರವೂ ಹೆಚ್ಚುಕಮ್ಮಿ ಒಂದೇ. ಹೊಟ್ಟೆಗೆ ಹುಡುಕಾಟ ಜೋರಾಗುವುದು ಸುಮಾರು 28ರಿಂದ 33 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಅಂದರೆ ನಮ್ಮ ಇಡೀ ಬೇಸಿಗೆ. ಏಪ್ರಿಲ್‌ನಲ್ಲಿ ಜೊತೆ ಹುಡುಕುವ ಕಾಲ ಶುರುವಾಗುತ್ತದೆ. ಆಗ ಒಂದು ಕೊಳದಿಂದ ಇನ್ನೊಂದಕ್ಕೆ ಓಡಾಟ ಹೆಚ್ಚು. ನಿನ್ನೆ ಖಾಲಿಯಿದ್ದ ಕೊಳ ಇವತ್ತೂ ಖಾಲಿ ಎಂದುಕೊಳ್ಳುವಂತಿಲ್ಲ.

ನಾನು ಹೆದರಿಸುತ್ತಿಲ್ಲ. ಈ ರಾಜ್ಯದ 67 ಕೌಂಟಿಗಳಲ್ಲೂ ಸೇರಿ ಸುಮಾರು ಹದಿಮೂರು ಲಕ್ಷ ಮೊಸಳೆಗಳಿವೆ ಎಂಬುದು ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗದ ಅಂದಾಜು. ಅಷ್ಟಿದ್ದೂ, 1948ರಿಂದ 2021ರವರೆಗೆ ಮನುಷ್ಯರು ಕೆಣಕದೆಯೇ ಅವು ಕಚ್ಚಿದ ಪ್ರಕರಣಗಳು 442, ಸಾವು 26. ಬಹಳ ಕಡಿಮೆ. ಆದರೆ ಈ ಕಡಿಮೆಯಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ನಮ್ಮ ಬಡಾವಣೆಯದೇ: ಮಳೆನೀರು ನಿಲ್ಲಲೆಂದು ತೋಡಿದ ಕೊಳ, ಅದರ ಮಗ್ಗುಲಲ್ಲೇ ಕಾಲುದಾರಿ, ನಾಯಿಯ ಜೊತೆ ಒಬ್ಬ ಹಿರಿಯರು.

ಇನ್ನು ಸಂಘದಿಂದಷ್ಟೇ ಆಗಬಹುದಾದ ಕೆಲಸಗಳು.

ಮೊದಲನೆಯದು ದಾರಿ. ನಾಯಿಯ ಹೊಲಸು ತೆಗೆಯುವ ಚೀಲಗಳ ಕಂಬವನ್ನು ಸಂಘವೇ ನೀರಿನ ಅಂಚಿಗೆ ನೆಟ್ಟಿದೆ. ನಾಯಿ ಹಿಡಿದವರನ್ನು ಅಲ್ಲಿಗೆ ಕರೆಯುತ್ತಿರುವವರು ನಾವೇ ಎಂದಾಯಿತು. ಅದನ್ನು ಕಿತ್ತು ರಸ್ತೆ ಬದಿಗೆ ನೆಡಲು ಒಂದು ಮಧ್ಯಾಹ್ನ ಸಾಕು. ದಾರಿ ನೀರಿಗೆ ತೀರಾ ಹತ್ತಿರ ಹಾಯುವ ತಿರುವಿನಲ್ಲಿ ಗಿಡ್ಡ ಬೇಲಿಯಾದರೂ ಬರಲಿ. ಮೊಸಳೆ ಮನಸ್ಸು ಮಾಡಿದರೆ ಬೇಲಿ ಹತ್ತಬಲ್ಲದು, ಗೊತ್ತು. ಬೇಲಿ ಬೇಕಿರುವುದು ನಾಯಿ ಮತ್ತು ಮಕ್ಕಳು ಅಂಚಿಗೆ ಇಳಿಯದಿರಲಿ ಎಂದು. ಮಳೆನೀರಿನ ಕೊಳವಾದ್ದರಿಂದ ಜಲ ನಿರ್ವಹಣಾ ಇಲಾಖೆಯ ಒಪ್ಪಿಗೆ ಬೇಕಾದರೆ ಕೇಳೋಣ.

ಎರಡನೆಯದು ಫಲಕ. ಫಲಕ ಹಾಕಿದರೆ ಕೊಳ ಕಾಣುವ ಮನೆಗಳ ಬೆಲೆ ಇಳಿಯುತ್ತದೆ ಎಂಬ ಆತಂಕ ಸಮಿತಿಯಲ್ಲಿದೆ ಎಂದು ಕೇಳಿದ್ದೇನೆ. 2016ರ ಜೂನ್‌ನಲ್ಲಿ ಡಿಸ್ನಿ ವರ್ಲ್ಡ್‌ನ ಕೆರೆಯ ದಡದಲ್ಲಿ ಎರಡು ವರ್ಷದ ಮಗುವನ್ನು ಮೊಸಳೆ ಎಳೆದೊಯ್ದಾಗ ಅಲ್ಲಿದ್ದ ಫಲಕ ಹೇಳುತ್ತಿದ್ದದ್ದು ಈಜಬೇಡಿ ಎಂದಷ್ಟೆ. ಮೊಸಳೆಯ ಹೆಸರೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಮೊಸಳೆ, ಹಾವು ಇವೆ ಎಂಬ ಫಲಕಗಳು ಬಂದವು, ಬೇಲಿ ಬಂತು, ಆಮೇಲೆ ಬಂಡೆಗಳ ತಡೆಯೂ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಅಷ್ಟಾಗಿ ಅಲ್ಲಿಗೆ ಜನ ಬರುವುದು ನಿಂತಿತೇ? ನಮ್ಮ ಫಲಕದಲ್ಲಿ ಮೊಸಳೆಯ ಚಿತ್ರವಿರಲಿ, ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರಿಗೂ ಅರ್ಥವಾಗಬೇಕು.

ಮೂರನೆಯದು ಊಟ ಹಾಕುವ ಚಾಳಿ. ಮೊಸಳೆಗೆ ತಿನ್ನಿಸುವುದು ಈ ರಾಜ್ಯದ ಕಾನೂನಿನಲ್ಲಿ ಅಪರಾಧ. ಬೇಕೆಂದೇ ಮಾಂಸ ಎಸೆಯುವವರು ನಮ್ಮಲ್ಲಿ ಇರಲಿಕ್ಕಿಲ್ಲ. ಆದರೆ ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿ ಬೆಳೆದ ಕೈ ಇಲ್ಲಿನ ಕೊಳದ ಬಾತುಕೋಳಿಗೆ, ಆಮೆಗೆ, ಮೀನಿಗೆ ಬ್ರೆಡ್ಡು, ಉಳಿದ ಚಪಾತಿ ಹಾಕುತ್ತದೆ. ಪುಣ್ಯದ ಕೆಲಸ ಎಂದೇ ಹಾಕುತ್ತದೆ. ಅವೆಲ್ಲ ಒಂದೇ ಜಾಗದಲ್ಲಿ ಸೇರಿದರೆ ಅವನ್ನು ತಿನ್ನುವ ಮೊಸಳೆಯೂ ಅಲ್ಲಿಗೇ ಬರುತ್ತದೆ, ಮನುಷ್ಯರ ಸದ್ದಿಗೆ ಹೆದರುವುದನ್ನು ಮರೆಯುತ್ತದೆ. ಹಿರಿಯರನ್ನು ಗದರಿಸುವುದು ಬೇಡ. ದೀಪಾವಳಿಯ ಕೂಟದಲ್ಲೋ ಯುಗಾದಿಯ ಊಟದಲ್ಲೋ ನೀವೇ ಎದ್ದು ನಿಂತು ನಾಲ್ಕು ಮಾತು ಹೇಳಿದರೆ ಕೇಳುತ್ತಾರೆ.

ನಾಲ್ಕನೆಯದು, ಸಂಘದ ಒಪ್ಪಿಗೆ. ನಾಲ್ಕು ಅಡಿಗೆ ಕಡಿಮೆಯಿಲ್ಲದ ಮೊಸಳೆಯೊಂದು ಜನರಿಗೋ ಸಾಕುಪ್ರಾಣಿಗಳಿಗೋ ಅಪಾಯವೆನಿಸಿದರೆ ಆಯೋಗದ ಉಚಿತ ಸಂಖ್ಯೆ 866-392-4286ಕ್ಕೆ ಕರೆ ಮಾಡಬಹುದು, ಆಯೋಗವೇ ಗೊತ್ತು ಮಾಡಿದ ಹಿಡಿಯುವವರು ಬರುತ್ತಾರೆ. ನಾವೇ ಹಿಡಿಯುವುದಾಗಲಿ ಹೊಡೆಯುವುದಾಗಲಿ ಕಾನೂನಿಗೆ ವಿರುದ್ಧ. ಆದರೆ ಕೊಳ ನನ್ನ ಸ್ವತ್ತಲ್ಲ, ಸಂಘದ್ದು. ನಾನು ಕರೆ ಮಾಡಿದರೂ ಜಾಗದ ಒಡೆಯರ ಅನುಮತಿ ಬೇಕು, ಅಂದರೆ ನಿಮ್ಮದು. ನೀವು ಊರಲ್ಲಿಲ್ಲದ ವಾರ ಒಪ್ಪಿಗೆ ಕೊಡುವವರು ಯಾರು ಎಂಬುದೇ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಇಬ್ಬರ ಹೆಸರು ಮೊದಲೇ ಗೊತ್ತು ಮಾಡಿ.

ಕೊಳದ ಮೊಸಳೆಗಳನ್ನೆಲ್ಲ ಹಿಡಿಸಿಬಿಡಿ ಎಂದು ಮಾತ್ರ ನಾನು ಕೇಳುವುದಿಲ್ಲ. ಹಾಗೆ ಹಿಡಿದದ್ದನ್ನು ಬೇರೆಡೆ ಬಿಟ್ಟು ಬರುವುದಿಲ್ಲ, ಬಿಟ್ಟರೆ ಹಳೆಯ ಜಾಗಕ್ಕೇ ತಿರುಗಿ ಬರಲು ನೋಡುತ್ತದೆ. ಹಾಗಾಗಿ ಸಾಮಾನ್ಯವಾಗಿ ಕೊಲ್ಲುತ್ತಾರೆ, ಚರ್ಮ ಮಾಂಸ ಮಾರಾಟಕ್ಕೆ ಹೋಗುತ್ತದೆ. ತೆರವಾದ ಕೊಳಕ್ಕೆ ಇನ್ನೊಂದು ಬರುತ್ತದೆ. 1967ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿ, 1987ರ ಹೊತ್ತಿಗೆ ಪೂರ್ತಿ ಚೇತರಿಸಿಕೊಂಡಿತೆಂದು ಘೋಷಣೆಯಾದ ಪ್ರಾಣಿ ಇದು. ಮನುಷ್ಯರನ್ನು ಕಂಡರೆ ನೀರೊಳಗೆ ಜಾರುವ ಮೊಸಳೆ ನಮ್ಮ ಪಾಡಿಗೆ ನಾವಿದ್ದರೆ ತನ್ನ ಪಾಡಿಗೆ ಇರುತ್ತದೆ. ಅದನ್ನು ಹಾಗೇ ಇರಗೊಡುವುದೇ ಈ ನಾಲ್ಕು ಕೆಲಸಗಳ ಉದ್ದೇಶವೂ ಹೌದು.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಮೊಸಳೆಗಳ ಓಡಾಟ ಶುರುವಾಗುವ ಏಪ್ರಿಲ್‌ಗೆ ಮುಂಚಿನ ಸಭೆಯಲ್ಲಿ ಈ ನಾಲ್ಕನ್ನೂ ಕಾರ್ಯಸೂಚಿಗೆ ಸೇರಿಸಿ, ಒಂದೊಂದಕ್ಕೂ ಮತ ಹಾಕಿಸಿ. ಬೇಲಿಯ ಖರ್ಚಿಗೆ ಮಾಸಿಕ ಶುಲ್ಕ ಏರಿಸಬೇಕಾದರೆ ಮೊದಲು ನಾನೇ ಕೈ ಎತ್ತುತ್ತೇನೆ. ಕಂಬ ಕಿತ್ತು ನೆಡುವ ದಿನ ಗುದ್ದಲಿ ನಾನೇ ತರುತ್ತೇನೆ. ನಾಯಿ ಸಾಕಿದವರೆಲ್ಲರನ್ನೂ ಕೂರಿಸಿ ನಮ್ಮ ಪಾಲಿನ ನಿಯಮಗಳಿಗೆ ಸಹಿ ಹಾಕಿಸುವ ಕೆಲಸವನ್ನೂ ನನಗೇ ಬಿಡಿ. ನೀವು ಬೇಡ ಎನ್ನುವುದಾದರೆ ಅದನ್ನೂ ಸಭೆಯಲ್ಲೇ ಹೇಳಿ, ಕಾರಣ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ.

ಇಂತು ತಮ್ಮ ವಿಶ್ವಾಸಿ,
ಕೊಳದ ಬದಿಯ ಬೀದಿಯ ನಿವಾಸಿ