ಕಾರು ಯಾವುದಾದರೇನು, ಸಾಲ ನಮ್ಮದೇ!

ರೈತ ಬಾಂಧವರೇ, ಪೆಟ್ರೋಲೋ, ಡೀಸೆಲ್ಲೋ, ಹೈಬ್ರಿಡ್ಡೋ, ಕರೆಂಟ್ ಕಾರೋ ಎಂದು ಶೋರೂಮಿನವನು ಕೇಳುತ್ತಾನೆ. ಸಾಲ ತೀರಿಸೋದು ಹೇಗೆ ಅಂತ ಕೇಳೋಲ್ಲ.

ಕರೆಂಟ್ ಕಾರಿಗೆ 2019ರಿಂದ ಜಿ.ಎಸ್.ಟಿ. ಬರೀ ಶೇ. 5. ಟ್ರ್ಯಾಕ್ಟರಿಗೆ ಸುರಿಯುವ ಡೀಸೆಲ್ಲಿಗೆ? ರಾಜ್ಯ ಸರ್ಕಾರ 2024ರಲ್ಲಿ ಮಾರಾಟ ತೆರಿಗೆ ಏರಿಸಿತು; 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿ ಶೇ. 21.17 ಮಾಡಿತು. ಪೇಟೆಯವನ ಸವಾರಿಗೆ ರಿಯಾಯಿತಿ, ರೈತನ ಉಳುಮೆಗೆ ಬರೆ! ಇದ್ಯಾವ ನ್ಯಾಯ?

ಲೆಕ್ಕ ಹಾಕಿ. ಡೀಸೆಲ್ ಕಾರು, ಹೈಬ್ರಿಡ್ ಕಾರು ಕೊಳ್ಳುವಾಗಲೇ ದುಬಾರಿ; ದಿನಾ ದೂರ ಓಡಿಸದವನಿಗೆ ಗಿಟ್ಟೋಲ್ಲ. ಕರೆಂಟ್ ಕಾರು ಓಡಿಸೋದು ಅಗ್ಗ. ಆದರೆ ರಾತ್ರಿಯಿಡೀ ಮನೆಯಲ್ಲಿ ಕರೆಂಟ್ ನಿಲ್ಲಬೇಕಲ್ಲ! ವಾರಕ್ಕೊಮ್ಮೆ ಸಂತೆಗೆ ಹೋಗುವವನಿಗೆ ಹಳೇ ಪೆಟ್ರೋಲ್ ಕಾರೇ ಸಾಕು.

ಯಾವ ಕಾರಿಗೂ ಹೊಲ ಅಡ ಇಡಬೇಡಿ. ಮೊದಲು ಉಳುಮೆಯ ಡೀಸೆಲ್ಲಿನ ತೆರಿಗೆ ಇಳಿಯಲಿ. ಕೇಳೋಣ, ಒಟ್ಟಾಗಿ ಕೇಳೋಣ!