ಶಿಶುಪಾಲನಾಲಯದ ಷರಾ ಪುಸ್ತಕ

ಅಕ್ಕಿಯನ್ನು ಕೊಳ್ಳುವ ಮುನ್ನ ಒಂದು ಹಿಡಿ ಅಂಗೈಮೇಲೆ ಹಾಕಿಕೊಂಡು ಊದಿ ನೋಡುವುದು, ಬಾಡಿಗೆಗೆ ಮನೆ ಹಿಡಿಯುವ ಮುನ್ನ ನಲ್ಲಿಯನ್ನು ತಿರುಗಿಸಿ ನೋಡುವುದು, ಇವು ನಮ್ಮ ಗೃಹಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ವಿದ್ಯೆಗಳು. ಆದರೆ ಆರು ತಿಂಗಳ ಕೂಸನ್ನು ದಿನಕ್ಕೆ ಒಂಬತ್ತು ಗಂಟೆಗಳ ಕಾಲ ಪರರ ಕೈಗೆ ಒಪ್ಪಿಸುವಾಗ ನೋಡತಕ್ಕದ್ದೇನು, ಕೇಳತಕ್ಕದ್ದೇನು ಎಂಬುದು ನಮ್ಮಲ್ಲಿ ಇನ್ನೂ ವಿದ್ಯೆಯಾಗಿ ಬೆಳೆದಿಲ್ಲ. ಈ ತಿಂಗಳ ನಮ್ಮ ಮಾತು ಅದನ್ನು ಕುರಿತದ್ದು.

ನಮ್ಮ ತಂಗಿಯ ಮಗಳು ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ೨೦೧೭ರ ತಿದ್ದುಪಡಿಯಿಂದ ಹೆರಿಗೆಯ ರಜೆ ೧೨ ವಾರಗಳಿಂದ ೨೬ ವಾರಗಳಿಗೆ ಏರಿತಷ್ಟೆ. ಆ ೨೬ ವಾರಗಳೂ ಮುಗಿದುವು. ೫೦ ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾಲಯವನ್ನು ಏರ್ಪಡಿಸಬೇಕು, ತಾಯಿಯು ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು ಎಂದು ಅದೇ ತಿದ್ದುಪಡಿ ವಿಧಿಸಿತು. ಆದರೆ ಇವಳ ಕಚೇರಿಯಲ್ಲಿ ಇರುವವರು ಮೂವತ್ತೊಂದು ಜನ. ಅತ್ತೆಗೆ ಮಂಡಿನೋವು, ತಾಯಿ ದೂರದ ಊರಿನಲ್ಲಿ. “ಮಾವ, ಸೋಮವಾರದಿಂದ ಕೆಲಸಕ್ಕೆ ಹೋಗಲೇಬೇಕು. ಒಂದು ಡೇ ಕೇರ್ ಗೊತ್ತುಮಾಡಿದ್ದೇನೆ, ನೀವೂ ಒಂದು ಸಲ ಬಂದು ನೋಡಿ” ಎಂದು ಕರೆದಳು. ಹೋದೆವು.

ಕೆಳಗೆ ಔಷಧದ ಅಂಗಡಿ, ಅದರ ಮೇಲೆ ಹೊಲಿಗೆಯ ತರಗತಿ, ಅದಕ್ಕೂ ಮೇಲೆ ಮಕ್ಕಳು. ಗೋಡೆಯ ತುಂಬ ಮೊಲ, ಆನೆ, ಕಾಮನಬಿಲ್ಲು. ನೆಲವನ್ನು ಆಗತಾನೆ ಒರೆಸಿದ್ದರು. ನಡೆಸುವಾಕೆ ಸುಮಾರು ಐವತ್ತರ ವಯಸ್ಸಿನವರು. ಮಾತಿನಲ್ಲಿ ಮರ್ಯಾದೆ, ಕಂಕುಳಲ್ಲಿ ಯಾರದೋ ಮಗು. ನಮಗೆ ಅವರ ವಿಷಯದಲ್ಲಿ ಒಳ್ಳೆಯ ಅಭಿಪ್ರಾಯವೇ ಹುಟ್ಟಿತು, ಈಗಲೂ ಇದೆ.

“ಪರವಾನಗಿ ಇದೆಯೇ, ತಾಯೀ?” ಎಂದು ಕೇಳಿದೆವು. “ಇದೆಯಲ್ಲ ಸಾರ್, ಅಗೋ” ಎಂದು ಗೋಡೆಯ ಕಡೆ ಕೈತೋರಿಸಿದರು. ದೇವರ ಪಟದ ಪಕ್ಕದಲ್ಲಿಯೇ ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದಕ್ಕೂ ಒಂದು ಹೂವು ಸಂದಿತ್ತು. ಕನ್ನಡಕವನ್ನು ಹಾಕಿಕೊಂಡು ಓದಿದೆವು. ಅದು ೧೯೬೧ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ನೋಂದಣಿ ಪತ್ರ. ಆ ಕಾಯಿದೆ ಕೆಲಸದ ವೇಳೆ, ವಾರದ ರಜೆ, ಸಂಬಳ ಇಂಥವುಗಳನ್ನು ಕುರಿತದ್ದು. ಕೆಳಗಿನ ಔಷಧದ ಅಂಗಡಿಯವನೂ ಇಂಥದೇ ಒಂದು ಕಾಗದವನ್ನು ಇಟ್ಟಿರುತ್ತಾನೆ. ಒಬ್ಬಾಕೆ ಎಷ್ಟು ಕೂಸುಗಳನ್ನು ನೋಡಿಕೊಳ್ಳಬಹುದು, ಹೊಗೆ ತುಂಬಿದರೆ ಎತ್ತಲಿಂದ ಹೊರಬರಬೇಕು ಎಂಬ ವಿಷಯವಾಗಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಇರುವುದು ಆ ಕಾಗದದ ಕೆಲಸವೂ ಅಲ್ಲ.

“ತನಿಖೆಗೆ ಯಾರಾದರೂ ಬಂದಿದ್ದರೇ?”

“ಬಂದಿದ್ದರು ಸಾರ್. ಬೋರ್ಡಿನಲ್ಲಿ ಕನ್ನಡ ಅಕ್ಷರ ಚಿಕ್ಕದಾಯಿತು ಎಂದು ಹೇಳಿ ಹೋದರು. ಮಾರನೆಯ ದಿನವೇ ದೊಡ್ಡದಾಗಿ ಬರೆಸಿದೆ.”

ಕನ್ನಡದ ಅಭಿಮಾನದಲ್ಲಿ ನಾವೇನೂ ಹಿಂದಿನವರಲ್ಲ; ಅಕ್ಷರ ದೊಡ್ಡದಾದುದು ಸಂತೋಷವೇ. ಆದರೆ ಆ ಬೋರ್ಡಿನ ಹಿಂದೆ ಇದ್ದ ಇಪ್ಪತ್ತೆರಡು ಮಕ್ಕಳನ್ನು ಎಣಿಸುವುದಕ್ಕೋಸ್ಕರ ಯಾರೂ ಮೆಟ್ಟಿಲು ಹತ್ತಿರಲಿಲ್ಲ. ನಾವೇ ಎಣಿಸಿದೆವು. ಏಳು ಮಕ್ಕಳಿಗೆ ಇನ್ನೂ ನಡೆಯಲು ಬಾರದು. ಆಯಾಗಳು ಇಬ್ಬರು. ಹಿಂಭಾಗದಲ್ಲಿ ಇನ್ನೊಂದು ಮೆಟ್ಟಿಲಿಗೆ ತೆರೆಯುವ ಬಾಗಿಲೊಂದಿತ್ತು. ಅದಕ್ಕೆ ಅಡ್ಡವಾಗಿ ಒಂದು ಕಬ್ಬಿಣದ ಬೀರು ನಿಂತಿತ್ತು. “ಮಕ್ಕಳು ಆಚೆ ಓಡಿಹೋಗುತ್ತವೆ ಎಂದು ಮುಚ್ಚಿದ್ದೇವೆ ಸಾರ್” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಕ್ಕಳ ಹಿತಕ್ಕಾಗಿಯೇ ಮುಚ್ಚಿದ್ದರು.

ಆ ಬೀರುವನ್ನು ಕಂಡಾಗ ನಮಗೆ ನೆನಪಾದದ್ದು ಬಹು ದೂರದ ಒಂದು ಪಟ್ಟಣ. ಮೆಕ್ಸಿಕೋ ದೇಶದ ಸೊನೋರಾ ಸಂಸ್ಥಾನದ ರಾಜಧಾನಿಯಾದ ಎರ್ಮೊಸಿಯೊದಲ್ಲಿ ಎ.ಬಿ.ಸಿ. ಎಂಬ ಶಿಶುಪಾಲನಾಲಯವೊಂದಿತ್ತು. ದುಡಿಯುವ ತಾಯಂದಿರ ಮಕ್ಕಳಿಗಾಗಿ ಆ ದೇಶದ ಸಾಮಾಜಿಕ ವಿಮಾ ಸಂಸ್ಥೆ ಅದನ್ನು ಖಾಸಗಿಯವರಿಗೆ ಕರಾರಿನ ಮೇಲೆ ಕೊಟ್ಟು ನಡೆಸುತ್ತಿತ್ತು. ಕಟ್ಟಡವು ಮೊದಲು ಉಗ್ರಾಣವಾಗಿದ್ದದ್ದು. ಒತ್ತಿಕೊಂಡಿದ್ದ ಇನ್ನೊಂದು ಉಗ್ರಾಣವನ್ನು ಸಂಸ್ಥಾನದ ಹಣಕಾಸಿನ ಇಲಾಖೆಯೇ ಹಿಡಿದು ತನ್ನ ಹಳೆಯ ಕಾಗದಪತ್ರಗಳನ್ನು ತುಂಬಿತ್ತು. ೨೦೦೯ರ ಜೂನ್ ೫ರ ಮಧ್ಯಾಹ್ನ, ಮಕ್ಕಳು ಊಟಮಾಡಿ ಮಲಗಿದ್ದ ಹೊತ್ತಿನಲ್ಲಿ, ಆ ಉಗ್ರಾಣಕ್ಕೆ ಬೆಂಕಿ ಹತ್ತಿತು. ಬೆಂಕಿ ಮಾಡಿನ ಕೆಳಗೆ ಹರಿದು ಬಂದು ಮಕ್ಕಳ ಕಡೆಯ ಒಳಮಾಳಿಗೆಯನ್ನು ಕರಗಿಸಿ ಸುರಿಸಿತು. ಹೊರಬರಲು ಉಪಯೋಗಕ್ಕೆ ಬಂದದ್ದು ಮುಂಬಾಗಿಲು ಮಾತ್ರ. ತಂದೆಯೊಬ್ಬನು ತನ್ನ ವಾಹನವನ್ನು ಗೋಡೆಗೆ ಗುದ್ದಿಸಿ ಗುದ್ದಿಸಿ ರಂಧ್ರಮಾಡಿ ಮಕ್ಕಳನ್ನು ತೆಗೆದನು. ೪೯ ಮಕ್ಕಳು ತೀರಿಹೋದುವು.

ಓದುಗರ ಮನಸ್ಸನ್ನು ಕಲಕುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಬರೆಯಲು ಕಾರಣವಾದ ಸಂಗತಿ ಬೇರೆ. ಆ ಗೃಹಕ್ಕೆ ಅಧಿಕಾರಿಗಳ ಒಪ್ಪಿಗೆಯಿತ್ತು, ತನಿಖೆಗಳೂ ನಡೆದಿದ್ದುವು, ಬೆಂಕಿಗೆ ಕೆಲವೇ ದಿನಗಳ ಮುಂಚೆ, ಮೇ ತಿಂಗಳಿನಲ್ಲಿ, ನಡೆದ ತನಿಖೆಯಲ್ಲಿಯೂ ಅದು ತೇರ್ಗಡೆಯಾಗಿತ್ತು. ಅಂದರೆ ಕಾಗದವಿತ್ತು. ಕಾಗದದಲ್ಲಿ ಬಾಗಿಲು ಇತ್ತು; ಗೋಡೆಯಲ್ಲಿ ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಎರಡು ವರ್ಷಕ್ಕೂ ಮಿಕ್ಕಿ ಹೋರಾಡಿದ ಮೇಲೆ ೨೦೧೧ರಲ್ಲಿ ಆ ದೇಶದಲ್ಲಿ ಶಿಶುಪಾಲನೆಗೆಂದೇ ಒಂದು ಕಾನೂನು ಬಂದಿತು. ಜನರು ಅದನ್ನು ಜೂನ್ ಐದರ ಕಾನೂನು ಎಂದೇ ಕರೆಯುತ್ತಾರೆ. ಅಪಾಯಕರವಾದ ಯಾವ ಸ್ಥಳವೂ ಇಂಥ ಗೃಹಕ್ಕೆ ೫೦ ಮೀಟರಿಗಿಂತ ಹತ್ತಿರದಲ್ಲಿರಕೂಡದು, ಎರಡು ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಹೊರಸಾಗಿಸುವ ಅಭ್ಯಾಸ ನಡೆಯಬೇಕು ಎಂಬುವು ಅದರಲ್ಲಿನ ಮಾತುಗಳು.

ದೂರದ ದೇಶದ ಸುದ್ದಿಯೆಂದು ಪಕ್ಕಕ್ಕಿಡುವ ಹಾಗಿಲ್ಲ. ನಮ್ಮ ನೆರೆಯ ತಮಿಳುನಾಡಿನ ಕುಂಭಕೋಣದಲ್ಲಿ ೨೦೦೪ರ ಜುಲೈ ೧೬ರಂದು ಶಾಲೆಯೊಂದರ ಅಡಿಗೆಮನೆಯ ಕಿಡಿ ಚಪ್ಪರಕ್ಕೆ ತಾಗಿ ೯೪ ಮಕ್ಕಳು ಸುಟ್ಟುಹೋದುದನ್ನು ಹಿರಿಯ ಓದುಗರು ಮರೆತಿರಲಾರರು.

ಹಾಗಾದರೆ ನಮ್ಮಲ್ಲಿ ಇದಕ್ಕೆ ಕಾನೂನೇ ಇಲ್ಲವೇ ಎಂದು ಕೇಳಬಹುದು. ಇದೆ, ಹಳೆಯದೇ ಇದೆ. ೫೦ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಮಕ್ಕಳಿಗೆ ಕೊಠಡಿ ಇರಬೇಕೆಂದು ನಿಯಮಮಾಡುವ ಅಧಿಕಾರವನ್ನು ೧೯೩೪ರ ಕಾರ್ಖಾನೆ ಕಾಯಿದೆ ಪ್ರಾಂತಗಳ ಸರಕಾರಗಳಿಗೆ ಕೊಟ್ಟಿತು. ೧೯೪೮ರ ಕಾಯಿದೆಯ ೪೮ನೆಯ ಕಲಮು ಅದನ್ನು ಕಡ್ಡಾಯವಾಗಿಸಿತು: ಆರು ವರ್ಷದೊಳಗಿನ ಮಕ್ಕಳಿಗೆ ಬೆಳಕು ಗಾಳಿಗಳುಳ್ಳ ಚೊಕ್ಕಟವಾದ ಕೊಠಡಿ, ಶಿಶುಪಾಲನೆಯಲ್ಲಿ ಶಿಕ್ಷಣ ಪಡೆದ ಹೆಂಗಸಿನ ಮೇಲ್ವಿಚಾರಣೆ. ೧೯೭೬ರಲ್ಲಿ ಐವತ್ತು ಎಂಬುದು ಮೂವತ್ತಕ್ಕೆ ಇಳಿಯಿತು. ಕಾಫಿ, ಟೀ ತೋಟಗಳಿಗೆ ೧೯೫೧ರಲ್ಲಿ, ಬೀಡಿ ಕಟ್ಟುವವರಿಗೆ ೧೯೬೬ರಲ್ಲಿ ಇಂಥವೇ ಕಾಯಿದೆಗಳು ಬಂದುವು. ೨೦೨೫ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಇವೆಲ್ಲದರ ಸ್ಥಾನವನ್ನು ಹಿಡಿದುವು. ಆದರೆ ಮೊದಲಿನಿಂದಲೂ ಈ ಕಾನೂನುಗಳ ದೃಷ್ಟಿ ದುಡಿಯುವ ಜಾಗದ ಮೇಲೆಯೇ. ಧಣಿಯನ್ನು ಹಿಡಿದು ಕೊಠಡಿಯನ್ನು ಕಟ್ಟಿಸುವುದು ಅವುಗಳ ಉದ್ದೇಶ. ಬೀದಿಯ ತಿರುವಿನಲ್ಲಿ, ಬಾಡಿಗೆಯ ಮಾಳಿಗೆಯಲ್ಲಿ, ತಿಂಗಳಿಗೆ ಇಷ್ಟೆಂದು ಹಣ ಪಡೆದು ನಡೆಯುವ ಗೃಹ ಅವುಗಳ ಕಣ್ಣಿಗೆ ಬೀಳುವುದು ಕಷ್ಟ. ೨೦೧೮ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಶಿಶುಪಾಲನಾಲಯಗಳಿಗೆ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವವರಿರಬೇಕು ಎಂಬುದು ಅದರ ಲೆಕ್ಕ. ಅದೂ ಕಚೇರಿಗಳು ನಡೆಸುವ ಪಾಲನಾಲಯಗಳಿಗೆಂದು ಹುಟ್ಟಿದ್ದೇ. ಹತ್ತು ಕೂಸುಗಳಿಗೆ ಒಬ್ಬಾಕೆಯೆಂಬುದೂ ನಮಗೆ ಹೆಚ್ಚೆಂದೇ ತೋರುತ್ತದೆ. ಅವಳಿಜವಳಿಗಳನ್ನು ಸಾಕಿದ ಯಾವ ತಾಯಿಯನ್ನು ಬೇಕಾದರೂ ಕೇಳಿ ನೋಡಬಹುದು.

ಇನ್ನು ಕಾಗದವನ್ನು ಓದುವ ವಿಷಯ. ನಮ್ಮ ಅಣ್ಣನ ಮಗ ಕ್ಯಾಲಿಫೋರ್ನಿಯದಲ್ಲಿದ್ದಾನೆ. ಅಲ್ಲಿ ನಾಲ್ಕು ಕೂಸುಗಳಿಗೆ ಒಬ್ಬರಂತೆ ಇರಬೇಕೆಂದು ನಿಯಮ. ಪ್ರತಿಯೊಂದು ಗೃಹಕ್ಕೂ ಪರವಾನಗಿ ಇದ್ದು, ತನಿಖೆಯ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಅಮೆರಿಕದ ೨೦೧೪ರ ಒಂದು ಕಾನೂನು, ಪರವಾನಗಿಯುಳ್ಳ ಗೃಹಗಳಿಗೆ ವರ್ಷಕ್ಕೊಂದು ಸಲವಾದರೂ ಮುಂಚೆ ತಿಳಿಸದೆ ಹೋಗಬೇಕು, ವರದಿಯನ್ನು ಸಾರ್ವಜನಿಕರಿಗೆ ತೆರೆದಿಡಬೇಕು ಎಂದು ಸಂಸ್ಥಾನಗಳಿಗೆ ವಿಧಿಸಿದೆ. ಕ್ಯಾಲಿಫೋರ್ನಿಯದಲ್ಲಿ ದೋಷಗಳಿಗೆ ಎರಡು ವರ್ಗ: ಮಗುವಿಗೆ ಈಗಿಂದೀಗಲೇ ಅಪಾಯವುಳ್ಳದ್ದು ಎ ವರ್ಗ, ಮುಂದೆ ಅಪಾಯವಾಗಬಹುದಾದದ್ದು ಬಿ ವರ್ಗ. ಎ ವರ್ಗದ ವರದಿಯನ್ನು ತಂದೆತಾಯಿಗಳಿಗೆ ಕಾಣುವಂತೆ ೩೦ ದಿನ ಅಂಟಿಸಿರಬೇಕು.

ಈ ಹುಡುಗನು ಮಗುವಿಗೆ ಜಾಗ ಹುಡುಕುವಾಗ ಎರಡು ಗೃಹಗಳ ವರದಿಗಳನ್ನು ರಾತ್ರಿಯೆಲ್ಲ ಕುಳಿತು ಓದಿದನಂತೆ. ಒಂದರಲ್ಲಿ ದೋಷವೇ ಇಲ್ಲ. ಇನ್ನೊಂದರಲ್ಲಿ ಎರಡು: ನೆಲ ಒರೆಸುವ ದ್ರಾವಣದ ಸೀಸೆ ಬೀಗವಿಲ್ಲದ ಕಪಾಟಿನಲ್ಲಿತ್ತು, ಒಂದು ಮಗುವಿನ ಚುಚ್ಚುಮದ್ದಿನ ಚೀಟಿ ಸಿಕ್ಕಲಿಲ್ಲ. ಅದರ ಕೆಳಗೆ ಸರಿಪಡಿಸಬೇಕಾದ ತಾರೀಖು, ಸರಿಪಡಿಸಿದ ತಾರೀಖು. ಹೆಂಡತಿಗೆ ಮೊದಲನೆಯದೇ ಮೆಚ್ಚು. ಇವನು ಎರಡನೆಯದಕ್ಕೆ ಹಟ ಹಿಡಿದನು. “ಚಿಕ್ಕಪ್ಪ, ದೋಷವಿಲ್ಲ ಎಂದು ಬರೆದವರು ಕಪಾಟು ತೆರೆದರೋ ಇಲ್ಲವೋ ನನಗೆ ತಿಳಿಯದು. ಇವರಂತೂ ತೆರೆದಿದ್ದಾರೆ” ಎಂದು ಅವನ ವಾದ. ನಮಗೆ ಈ ವಾದ ಹಿಡಿಸಿತು. ನಾವು ಹುಡುಗರಾಗಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರು ಬರುವ ಸುದ್ದಿ ಒಂದು ವಾರ ಮುಂಚೆಯೇ ಬರುತ್ತಿತ್ತು. ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ, ಜಾಣ ಹುಡುಗರನ್ನು ಮುಂದೆ ಕೂರಿಸುತ್ತಿದ್ದರು. ಉಪ್ಪಿಟ್ಟು ಕಾಫಿಗಳಾದ ಮೇಲೆ ಷರಾ ಪುಸ್ತಕದಲ್ಲಿ ‘ತೃಪ್ತಿಕರ’ ಎಂದು ಬೀಳುತ್ತಿತ್ತು. ಸೋರುವ ಮಾಡು ಮರುವಾರ ಎಂದಿನಂತೆ ಸೋರುತ್ತಿತ್ತು. ವರ್ಷವರ್ಷವೂ ಒಂದೇ ಕೈಬರಹದಲ್ಲಿ ‘ಎಲ್ಲವೂ ಸರಿಯಾಗಿದೆ’ ಎಂದಿರುವ ಪುಸ್ತಕಕ್ಕಿಂತ, ತಪ್ಪನ್ನು ಬರೆದು ತಿದ್ದಿದ ದಿನವನ್ನೂ ಬರೆದ ಪುಸ್ತಕವನ್ನು ನಂಬುವುದು ಲೇಸು. ಅದೇ ತಪ್ಪು ಮೂರು ಸಲ ಬಂದಿದ್ದರೆ ಮಾತ್ರ ಮಗುವನ್ನು ಎತ್ತಿಕೊಂಡು ಬರತಕ್ಕದ್ದು.

ಹಳ್ಳಿಯ ಓದುಗರು ಇದು ಪಟ್ಟಣದವರ ಗೋಳು ಎನ್ನಬಾರದು. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ೩೩ ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಗಳಲ್ಲಿ ನಮ್ಮ ಟಿ. ನರಸೀಪುರದ್ದೂ ಒಂದು; ಅಲ್ಲಿಂದ ಹಬ್ಬಿದ ಅಂಗನವಾಡಿಗಳಿಗೆ ಮೇಲ್ವಿಚಾರಕಿಯರಿದ್ದಾರೆ, ಹಾಜರಿಯ ಲೆಕ್ಕವಿದೆ, ಮಗುವಿನ ತೂಕದ ಲೆಕ್ಕವಿದೆ. ಸರಕಾರದ ಕೈಯಲ್ಲಿರುವ ತನಿಖಾ ವರದಿ ಯಾವುದನ್ನಾದರೂ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ೩೦ ದಿನಗಳೊಳಗೆ ಉತ್ತರ ಕೊಡಬೇಕು. ಕೇಳುವವರು ಕಡಿಮೆ ಎಂಬುದೇ ನಮ್ಮ ವ್ಯಥೆ.

ನಮ್ಮ ತಂಗಿಯ ಮಗಳ ಕಥೆಗೆ ಬರೋಣ. ಸೋಮವಾರ ಬಂದೇ ಬಂದಿತು, ಬೇರೆ ಜಾಗವಿರಲಿಲ್ಲ. ಅವಳು ಮುನ್ನಾದಿನ ನಲವತ್ತು ರೂಪಾಯಿಯ ಒಂದು ರಟ್ಟಿನ ಪುಸ್ತಕವನ್ನು ಕೊಂಡು, ಗೆರೆ ಎಳೆದು, ಕಂಡದ್ದು, ಕಂಡ ದಿನ, ಸರಿಮಾಡಿದ ದಿನ ಎಂದು ಮೂರು ಅಂಕಣ ಮಾಡಿ ಬಾಗಿಲ ಬಳಿ ಮೊಳೆಗೆ ತೂಗುಹಾಕಲು ಅನುಮತಿ ಕೇಳಿದಳು. ನಡೆಸುವಾಕೆಯ ಮುಖ ಸಣ್ಣದಾಯಿತು. “ನನ್ನ ಮೇಲೆ ನಂಬಿಕೆಯಿಲ್ಲವೇನಮ್ಮಾ?” ಎಂದರು. “ನಂಬಿಕೆ ಇರುವುದಕ್ಕೇ ಮಗುವನ್ನು ಬಿಡುತ್ತಿದ್ದೇನೆ ಆಂಟೀ. ನೀವಿಲ್ಲದ ದಿನ ಬೇರೆಯವರು ನೋಡಿಕೊಳ್ಳುತ್ತಾರಲ್ಲ, ಅವರಿಗಾಗಿ” ಎಂದಳು. ಆ ಮಾತನ್ನು ಅವಳು ಎಲ್ಲಿ ಕಲಿತಳೋ ತಿಳಿಯದು, ನಾವಂತೂ ಹೇಳಿಕೊಟ್ಟಿರಲಿಲ್ಲ. ಮೊದಲನೆಯ ಸಾಲಿನಲ್ಲಿ ಬೀರುವಿನ ಸಂಗತಿಯನ್ನು ಬರೆದಳು. ನಾಲ್ಕನೆಯ ದಿನ ಬೀರು ಮೂಲೆಗೆ ಸರಿದಿತ್ತು. ಬಾಗಿಲಿಗೆ ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಒಂದು ಅಗಳಿ ಬಂದಿತ್ತು. ತಾರೀಖನ್ನು ಆಕೆಯೇ ತಮ್ಮ ಕೈಯಿಂದ ತುಂಬಿದ್ದರು.

ಕಳೆದ ವಾರ ನಾವು ಮತ್ತೆ ಹೋಗಿದ್ದೆವು. ಪುಸ್ತಕದಲ್ಲಿ ಈಗ ಐದಾರು ಮಂದಿ ತಾಯಂದಿರ ಬರಹಗಳಿವೆ. ಒಬ್ಬ ತಂದೆಯದೂ ಇದೆ. ಹಾಲಿನ ಪಾತ್ರೆಗೆ ಮುಚ್ಚಳ, ಕಿಟಕಿಗೆ ಸರಳು, ಮಧ್ಯಾಹ್ನದ ಹೊತ್ತಿಗೆ ಮೂರನೆಯ ಆಯಾ. ಮೂರನೆಯ ಆಯಾಳ ಮುಂದಿನ ಅಂಕಣ ಇನ್ನೂ ಖಾಲಿ. ಹಿಂದಿನ ಬಾಗಿಲ ಹತ್ತಿರ ಹೋಗಿ ನೋಡಿದೆವು. ಬೀರು ಇದ್ದ ಜಾಗದಲ್ಲಿ ಯಾರೋ ಎರಡು ನೀರಿನ ಕ್ಯಾನುಗಳನ್ನು ಇಟ್ಟಿದ್ದರು. ಕನ್ನಡಕವನ್ನು ಹಾಕಿಕೊಂಡು ನಾವೂ ಒಂದು ಸಾಲು ಬರೆದು ಬಂದೆವು.